ಸುಕ್ಕಿನ ಕಥೆ ಸಾಕು, ಗಾಯದ ಕಥೆ ಬರೀರಿ

ಸಂಪಾದಕರಿಗೆ ನಮಸ್ಕಾರ,

ವಯಸ್ಸಾಗೋದು ಯಾಕೆ ಅಂತ ರಿಸರ್ಚ್ ಮಾಡೋ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಓದಿದೆ, ಅದರ ಬೆನ್ನಿಗೇ ಬಂದ ಓದುಗರ ಪತ್ರಗಳನ್ನೂ ಓದಿದೆ. ಲೇಖನದಲ್ಲಿ ಯೌವನ ಅನ್ನೋ ಪದ ಎಷ್ಟು ಸಲ ಬಂದಿದೆ ಅಂದ್ರೆ ಯಾವುದೋ ಕ್ರೀಮಿನ ಜಾಹೀರಾತು ಓದ್ತಿದೀನೇನೋ ಅನ್ನಿಸ್ತು. ಪತ್ರ ಬರೆದವರಲ್ಲಿ ಕೆಲವರು ಆ ಡಾಕ್ಟರನ್ನ ಅಟ್ಟಕ್ಕೇರಿಸಿದಾರೆ, ಇನ್ನು ಕೆಲವರು ಮುಖ ಎಳೆದು ದುಡ್ಡು ಮಾಡೋರಿಗೆ ಲ್ಯಾಬು ಇಲಿ ಮೈಕ್ರೋಸ್ಕೋಪು ಎಲ್ಲಾ ಯಾಕೆ, ಇದೂ ಒಂದು ಗಿಮಿಕ್ಕು ಅಂತ ಜರಿದಿದಾರೆ. ಹೊಗಳಿದವರೂ ಬೈದವರೂ ಎಡವಿರೋದು ಒಂದೇ ಕಡೆ, ಪ್ಲಾಸ್ಟಿಕ್ ಸರ್ಜನ್ ಅಂದ್ರೆ ಮುಖ ಚಂದ ಮಾಡೋರು ಅಂತ ತಿಳ್ಕೊಂಡಿರೋದ್ರಲ್ಲಿ. ನಾನು ಕೆಲಸ ಮಾಡಿದ್ದು ಆಪರೇಶನ್ ಥಿಯೇಟರ್ ನರ್ಸ್ ಆಗಿ, ಹೆಚ್ಚಿನ ಕಾಲ ಬರ್ನ್ಸ್ ಮತ್ತೆ ಪ್ಲಾಸ್ಟಿಕ್ ಸರ್ಜರಿ ಥಿಯೇಟರಲ್ಲೇ ಕಳೆದಿದೀನಿ, ಹಂಗಾಗಿ ನಾಲ್ಕು ಮಾತು ಬರೀತಿದೀನಿ, ಉದ್ದ ಆಯ್ತು ಅಂತ ಅರ್ಧಕ್ಕೆ ಕತ್ತರಿಸಬೇಡಿ ದಯವಿಟ್ಟು.

ಆ ಥಿಯೇಟರಿಗೆ ಎಂಥಾ ಕೇಸು ಬರ್ತವೆ ಅಂತ ಮೊದಲು ಹೇಳ್ಬಿಡ್ತೀನಿ. ಸುಟ್ಟ ಗಾಯ, ಮೆಶಿನ್ನಿಗೆ ಸಿಕ್ಕಿ ನಜ್ಜುಗುಜ್ಜಾದ ಬೆರಳು, ಸೀಳು ತುಟಿಯ ಮಕ್ಕಳು, ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಉಳಿಯೋ ಹಳ್ಳ ಮುಚ್ಚೋದು, ಸ್ತನ ತೆಗೆಸ್ಕೊಂಡವರಿಗೆ ಮತ್ತೆ ಕಟ್ಟಿಕೊಡೋದು, ಶುಗರ್ ಇರೋರ ಕಾಲಿನ ಹುಣ್ಣು, ಹಾಸಿಗೆ ಹಿಡಿದ ವಯಸ್ಸಾದೋರ ಬೆಡ್ ಸೋರು. ಫೇಸ್‌ಲಿಫ್ಟೂ ಇರತ್ತೆ, ಇಲ್ಲ ಅಂತಲ್ಲ, ಆದ್ರೆ ಒಬ್ಬ ಸರ್ಜನ್ನಿನ ಕೈ ಪಳಗೋದು ಈ ಮುಚ್ಚೋ ಕೆಲಸದಲ್ಲೇ. ಎಲ್ಲಿಂದಲೋ ಚರ್ಮ ತಗೊಂಡು ಎಲ್ಲಿಗೋ ಹಾಕ್ಬೇಕು, ಅದು ಬದುಕಬೇಕು, ತಗೊಂಡ ಜಾಗಾನೂ ಒಣಗಬೇಕು, ಇಷ್ಟೇ ಆ ವಿದ್ಯೆ, ಆದ್ರೆ ಈ ಇಷ್ಟೇ ಅನ್ನೋದರೊಳಗೇ ವಯಸ್ಸಿನ ಪ್ರಶ್ನೆ ಕೂತಿರೋದು.

ಹಾಗೆ ಬೇರೆ ಕಡೆ ಹಾಕೋಕೆ ತೆಗೆಯೋ ಚರ್ಮಕ್ಕೆ ಸ್ಕಿನ್ ಗ್ರಾಫ್ಟ್ ಅಂತಾರೆ, ಅದನ್ನ ತೆಗೆಯೋದನ್ನ ನೀವು ನೋಡಿರಲ್ಲ. ತೊಡೆಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಅಸಿಸ್ಟೆಂಟು ಎರಡೂ ಕಡೆಯಿಂದ ಚರ್ಮ ಬಿಗಿಯಾಗಿ ಎಳೆದು ಹಿಡೀತಾರೆ, ಸರ್ಜನ್ ಡರ್ಮಟೋಮ್ ಅನ್ನೋ ಚರ್ಮ ಸೀಳೋ ಉಪಕರಣ ಇಟ್ಟು ಒಂದೇ ಹದದಲ್ಲಿ ಮುಂದಕ್ಕೆ ಓಡಿಸ್ತಾರೆ, ಬ್ಲೇಡಿನ ಹಿಂದಿನಿಂದ ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ಒಂದು ಪದರ ನೆರಿಗೆ ಬಿದ್ಕೊಂಡು ಮೇಲೆ ಬರತ್ತೆ, ಕೆಳಗೆ ಬೆಳ್ಳಗಿನ ಜಾಗದಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆ ಏಳತ್ತೆ. ಪದರಾನ ಸಲೈನಲ್ಲಿ ನೆನೆಸಿದ ಗಾಜಿನ ಮೇಲೆ ಹರಡಿ ಇಡೋದು ನಮ್ಮ ಕೆಲಸ, ಗಾಜು ಅಂದ್ರೆ ಡ್ರೆಸಿಂಗ್ ಬಟ್ಟೆ ಮತ್ತೆ, ಕಿಟಕಿ ಗಾಜಲ್ಲ. ಚಿಕ್ಕ ವಯಸ್ಸಿನವರದ್ದಾದ್ರೆ ಆ ಪದರಕ್ಕೆ ಒಂದು ತಾಕತ್ತಿರತ್ತೆ, ಫೋರ್ಸೆಪ್ಸಲ್ಲಿ ಹಿಡಿದ್ರೆ ಹಿಡಿಸ್ಕೊಳತ್ತೆ. ಎಂಬತ್ತು ದಾಟಿದವರದ್ದು ಹಿಡಿದಲ್ಲೇ ಹರೀತದೆ. ಅದಕ್ಕೇ ದಪ್ಪದ ಸೆಟ್ಟಿಂಗ್ ಕಮ್ಮಿ ಮಾಡಿದಾರಾ ಅಂತ ಸರ್ಜನ್ ಎರಡೆರಡು ಸಲ ನೋಡ್ಕೊಳ್ತಾರೆ. ಇನ್ನು ತೊಡೆ ಮೇಲಿನ ಆ ಜಾಗ, ಅದು ಒಣಗೋದು ಹೇಗಪ್ಪಾ ಅಂದ್ರೆ ಕೂದಲಿನ ಬುಡದಲ್ಲಿ, ಬೆವರು ಗ್ರಂಥಿ ಒಳಗೆ ಉಳ್ಕೊಂಡಿರೋ ಜೀವಕೋಶಗಳು ಮೇಲೆ ಹತ್ತಿ ಬಂದು ಹರಡ್ಕೋಬೇಕು. ಚಿಕ್ಕವರಲ್ಲಿ ಎರಡು ವಾರದಲ್ಲಿ ಡ್ರೆಸಿಂಗ್ ತಾನಾಗೇ ಬಿಟ್ಕೊಳತ್ತೆ. ವಯಸ್ಸಾದೋರಲ್ಲಿ ಅದೇ ಬ್ಲೇಡು, ಅದೇ ಕೈ, ಅದೇ ಡ್ರೆಸಿಂಗು, ಆದ್ರೂ ವಾರಗಟ್ಟಲೆ ಹಸಿ ಹಸಿ. ಕೆಲವು ಸಲ ಮೊದಲಿನ ಗಾಯ ವಾಸಿ ಆಗಿ ಚರ್ಮ ಕೊಟ್ಟ ಜಾಗವೇ ಹೊಸ ಗಾಯ ಆಗಿ ಕೂತಿರತ್ತೆ, ಮನೆಯವರು ಕೇಳ್ತಾರೆ ಇದೇನು ಸಿಸ್ಟರ್ ಒಂದು ಇದ್ದದ್ದು ಎರಡಾಯ್ತಲ್ಲ ಅಂತ, ಏನು ಹೇಳ್ತೀರಿ.

ಈ ಪ್ರಶ್ನೆ ದಿನಾ ಕಣ್ಣೆದುರು ಬರೋ ಸರ್ಜನ್ನಿಗೆ ವಯಸ್ಸಾಗೋದರ ಬಗ್ಗೆ ಕುತೂಹಲ ಹುಟ್ಟಲಿಲ್ಲ ಅಂದ್ರೇನೇ ಆಶ್ಚರ್ಯ. ಮಿಕ್ಕ ಡಾಕ್ಟರುಗಳು ವಯಸ್ಸನ್ನ ಬ್ಲಡ್ ರಿಪೋರ್ಟಲ್ಲೋ ಸ್ಕ್ಯಾನಲ್ಲೋ ನೋಡ್ತಾರೆ, ಇವರು ಬೆರಳಲ್ಲಿ ಮುಟ್ಟಿ ನೋಡ್ತಾರೆ. ಚರ್ಮದ ಮೇಲ್ಪದರ ಒಳಪದರಕ್ಕೆ ಏರಿಳಿತಗಳ ಮೂಲಕ ಹಿಡ್ಕೊಂಡಿರತ್ತೆ, ವಯಸ್ಸಾಗ್ತಾ ಆ ಏರಿಳಿತ ಚಪ್ಪಟೆ ಆಗ್ತಾ ಬರತ್ತೆ, ಅದಕ್ಕೇ ಅಜ್ಜಿ ಕೈಯಿಂದ ಪ್ಲಾಸ್ಟರ್ ಟೇಪ್ ಕಿತ್ತರೆ ಚರ್ಮಾನೂ ಜೊತೆಗೆ ಬಂದುಬಿಡತ್ತೆ. ಚರ್ಮಕ್ಕೆ ಗಟ್ಟಿತನ ಕೊಡೋ ಕೊಲಾಜನ್ ಅನ್ನೋ ಪ್ರೋಟೀನು ವಯಸ್ಕರಾದ ಮೇಲೆ ವರ್ಷಕ್ಕೆ ಸುಮಾರು ಶೇ 1ರಷ್ಟು ಕಮ್ಮಿ ಆಗ್ತಾ ಹೋಗತ್ತೆ ಅಂತ ಲೆಕ್ಕ. ಸಣ್ಣ ರಕ್ತನಾಳ ಕಡಿಮೆ ಆಗ್ತವೆ, ಗಾಯಕ್ಕೆ ಓಡಿ ಬರಬೇಕಾದ ರಕ್ಷಣೆ ಕೋಶಗಳು ತಡವಾಗಿ ಬರ್ತವೆ, ಬಂದವು ಬೇಗ ಹೋಗಲ್ಲ. ಇದರಲ್ಲೂ ಒಂದು ತಮಾಷೆ ಇದೆ ನೋಡಿ, ವಯಸ್ಸಾದೋರ ಗಾಯ ನಿಧಾನಕ್ಕೆ ಒಣಗಿದ್ರೂ ಕಲೆ ಮಾತ್ರ ತೆಳ್ಳಗೆ ನೀಟಾಗಿ ಕೂರತ್ತೆ, ಕೀಲಾಯ್ಡ್ ಥರ ಉಬ್ಬೋದು ಹದಿಹರೆಯದವರಲ್ಲೇ ಜಾಸ್ತಿ. ಅಂದ್ಮೇಲೆ ವಯಸ್ಸಾಗೋದು ಅಂದ್ರೆ ಎಲ್ಲಾ ಕೆಡ್ತಾ ಹೋಗೋದು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ, ರಿಸರ್ಚಿಗೆ ಕೂರಬೇಕು ಅನ್ನಿಸೋದು ಇಂಥ ಕಡೆಯೇ.

ಸರ್ಜನ್ ಯಾಕೆ ಲ್ಯಾಬಿಗೆ ಹೋಗ್ಬೇಕು ಅಂತ ಕೇಳಿದ ಓದುಗರಿಗೆ ಸ್ವಲ್ಪ ಇತಿಹಾಸ ಹೇಳ್ಬೇಕು. ಮೊದಲನೇ ಮಹಾಯುದ್ಧದಲ್ಲಿ ಮುಖ ಒಡೆದು ಬಂದ ಸೈನಿಕರಿಗೆ ಅಂತಲೇ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಆಸ್ಪತ್ರೆ ಶುರುವಾಯ್ತು, ಹೆರಾಲ್ಡ್ ಗಿಲೀಸ್ ಅನ್ನೋ ಸರ್ಜನ್ ಮತ್ತವರ ತಂಡ ಅಲ್ಲಿ ಸಾವಿರಾರು ಜನಕ್ಕೆ ಮುಖ ಕಟ್ಟಿಕೊಟ್ರು, ಇವತ್ತಿನ ಪ್ಲಾಸ್ಟಿಕ್ ಸರ್ಜರಿ ನಿಂತಿರೋದು ಆ ಅಡಿಪಾಯದ ಮೇಲೆ. ಎರಡನೇ ಮಹಾಯುದ್ಧದ ಹೊತ್ತಿಗೆ ತೊಂದರೆ ಬೇರೆ ಥರದ್ದು, ಮೈಯೆಲ್ಲಾ ಸುಟ್ಕೊಂಡು ಬರೋರಿಗೆ ಹಾಕೋಕೆ ಅವರದ್ದೇ ಚರ್ಮ ಸಾಲ್ತಿರಲಿಲ್ಲ, ಬೇರೆಯವರದ್ದು ಹಾಕಿದ್ರೆ ಕೆಲವೇ ದಿನದಲ್ಲಿ ಕರಗಿಹೋಗ್ತಿತ್ತು. ಗ್ಲಾಸ್ಗೋದಲ್ಲಿ ಥಾಮಸ್ ಗಿಬ್ಸನ್ ಅನ್ನೋ ಸರ್ಜನ್, ಪೀಟರ್ ಮೆಡವಾರ್ ಅನ್ನೋ ಪ್ರಾಣಿಶಾಸ್ತ್ರಜ್ಞ ಸೇರ್ಕೊಂಡು ಸುಟ್ಟ ಗಾಯದ ಒಬ್ಬ ಹೆಣ್ಣುಮಗಳಿಗೆ ಅವಳ ಸೋದರನ ಚರ್ಮದ ಸಣ್ಣ ಸಣ್ಣ ತುಂಡು ಹಾಕಿ ನೋಡಿದ್ರು, ಎರಡನೇ ಸಲ ಹಾಕಿದ ತುಂಡು ಮೊದಲನೇ ಸಲಕ್ಕಿಂತ ಬೇಗ ನಾಶ ಆಯ್ತು, ಅಂದ್ರೆ ದೇಹ ನೆನಪಿಟ್ಕೊಂಡು ಹೊರಗಟ್ತಿದೆ ಅಂತ ಗೊತ್ತಾಯ್ತು, 1943ರಲ್ಲಿ ಅದನ್ನ ಪ್ರಕಟಿಸಿದ್ರು. ಈ ದಾರಿಯಲ್ಲೇ ಮುಂದೆ ಹೋಗಿ ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು. ನಿಮ್ಮ ಲೇಖನ ಬರೆದವರು ಗಮನಿಸಬೇಕಾದ ಸಂಗತಿ ಏನಂದ್ರೆ ಇದೇ ಮೆಡವಾರ್ 1950ರ ದಶಕದ ಶುರುವಲ್ಲಿ ಪ್ರಾಣಿಗಳಿಗೆ ವಯಸ್ಸಾಗೋದು ಯಾಕೆ ಅನ್ನೋದಕ್ಕೂ ಒಂದು ವಾದ ಮಂಡಿಸಿದ್ರು, ಮಕ್ಕಳು ಮರಿ ಆದ ಮೇಲೆ ತೊಂದರೆ ಕೊಡೋ ಜೀನ್‌ಗಳನ್ನ ಪ್ರಕೃತಿ ಅಷ್ಟಾಗಿ ಸೋಸಲ್ಲ, ಅವು ಉಳ್ಕೊಂಡು ಗುಡ್ಡೆ ಬೀಳ್ತವೆ ಅಂತ, ಅದು ಇವತ್ತಿಗೂ ವಯಸ್ಸಿನ ರಿಸರ್ಚಿನ ಪಾಠದಲ್ಲಿ ಮೊದಲ ಸಾಲಿಗೆ ಬರತ್ತೆ. ಸ್ಕಿನ್ ಗ್ರಾಫ್ಟ್ ಯಾಕೆ ಉಳಿಯಲ್ಲ ಅಂತ ಕೇಳಿದೋರು, ದೇಹ ಯಾಕೆ ಉಳಿಯಲ್ಲ ಅಂತಲೂ ಕೇಳಿದ್ರು.

ಇನ್ನೊಬ್ಬರು ಜೋಸೆಫ್ ಮರ್ರೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯಾದ ಮಿಲಿಟರಿ ಆಸ್ಪತ್ರೆಯಲ್ಲಿ ಸುಟ್ಟ ಸೈನಿಕರಿಗೆ ಗ್ರಾಫ್ಟ್ ಹಾಕ್ತಾ ಹಾಕ್ತಾ, ಬೇರೆಯವರ ಚರ್ಮ ಒಬ್ಬೊಬ್ಬರಲ್ಲಿ ಸ್ವಲ್ಪ ಜಾಸ್ತಿ ದಿನ ಉಳೀತದಲ್ಲ ಯಾಕೆ ಅಂತ ತಲೆಗೆ ಹುಳ ಬಿಟ್ಕೊಂಡ್ರು. ಅವರ ಸೀನಿಯರ್ ಒಬ್ಬರು ತದ್ರೂಪಿ ಅವಳಿಗಳ ನಡುವೆ ಚರ್ಮ ಅದಲು ಬದಲು ಮಾಡಿ ಅದು ಉಳಿಯತ್ತೆ ಅಂತ ಆಗಲೇ ತೋರಿಸಿದ್ರು. ಆ ಎಳೆ ಹಿಡ್ಕೊಂಡು ಲ್ಯಾಬಲ್ಲಿ ನಾಯಿಗಳ ಮೇಲೆ ಕೆಲಸ ಮಾಡಿ 1954ರ ಡಿಸೆಂಬರ್ 23ಕ್ಕೆ ಬಾಸ್ಟನ್ನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಕಿಡ್ನಿ ಕಸಿ ಮಾಡಿದ್ರು, ಮನುಷ್ಯರಲ್ಲಿ ಮೊದಲು ಪೂರ್ತಿ ಯಶಸ್ಸು ಕಂಡಿದ್ದು ಅದೇ. 1990ರಲ್ಲಿ ನೊಬೆಲ್. ಕಿಡ್ನಿ ಕಸಿ ಮಾಡಿ ಜಗತ್ಪ್ರಸಿದ್ಧರಾದ ಮೇಲೂ ಆ ಮನುಷ್ಯ ಹುಟ್ಟಿನಿಂದ ಮುಖದ ಮೂಳೆ ಸರಿ ಇಲ್ಲದ ಮಕ್ಕಳ ಆಪರೇಶನ್ನಿಗೇ ವಾಪಸ್ ಬಂದ್ರು ಅನ್ನೋದು ನನಗೆ ನೊಬೆಲ್‌ಗಿಂತ ಹೆಚ್ಚು ಇಷ್ಟ ಆಗೋ ವಿಷಯ. ಈಗ ಹೇಳಿ, ಪ್ಲಾಸ್ಟಿಕ್ ಸರ್ಜನ್ನಿಗೆ ಲ್ಯಾಬು ಯಾಕೆ ಅಂತ.

ಈಗಿನವರ ವಿಷಯಕ್ಕೆ ಬರ್ತೀನಿ. ಸ್ಟ್ಯಾನ್‌ಫೋರ್ಡಿನ ಮೈಕೆಲ್ ಲಾಂಗೇಕರ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದಾರೆ, ಅವರ ವೃತ್ತಿ ಜೀವನದ ಬಹುಪಾಲು ಒಂದೇ ಪ್ರಶ್ನೆ ಹಿಂದೆ ಹೋಗಿದೆ. ಗರ್ಭದಲ್ಲಿರೋ ಮಗುವಿಗೆ ಶುರುವಿನ ತಿಂಗಳುಗಳಲ್ಲಿ ಚರ್ಮ ಕುಯ್ದರೆ ಕಲೆ ಇಲ್ಲದೆ ಕೂಡ್ಕೊಳತ್ತೆ, ಹುಟ್ಟೋ ಹೊತ್ತಿಗೆ ಆ ಶಕ್ತಿ ಹೋಗಿರತ್ತೆ. ಯಾಕೆ? 2021ರಲ್ಲಿ ಅವರ ತಂಡ ಇಲಿಗಳಲ್ಲಿ ತೋರಿಸಿದ್ದೇನು ಅಂದ್ರೆ ಗಾಯದ ಜಾಗದಲ್ಲಿ ಆಗೋ ಎಳೆತಾನೇ ಚರ್ಮದ ನಾರು ಕಟ್ಟೋ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳಲ್ಲಿ ಒಂದು ಜಾತಿಯವಕ್ಕೆ ಕಲೆ ಕಟ್ಟು ಅಂತ ಸಂದೇಶ ಕೊಡತ್ತೆ, ಆ ಸಂದೇಶ ತಡೆಯೋ ಔಷಧಿ ಹಾಕಿದ್ರೆ ಕೂದಲು ಸಮೇತ ಮಾಮೂಲಿ ಚರ್ಮ ವಾಪಸ್ ಬರತ್ತೆ. ಇಲಿಯಲ್ಲಿ ಅಂತ ಒತ್ತಿ ಹೇಳ್ತೀನಿ, ಇಲಿಯ ಚರ್ಮಕ್ಕೂ ನಮ್ಮದಕ್ಕೂ ಬಹಳ ವ್ಯತ್ಯಾಸ ಇದೆ, ಅದರದ್ದು ಸಡಿಲ, ಗಾಯ ಆದ್ರೆ ಸುತ್ತಲ ಚರ್ಮ ಎಳ್ಕೊಂಡು ಮುಚ್ಚಿಬಿಡತ್ತೆ, ಆದ್ರೂ ಪ್ರಶ್ನೆ ಎಂಥದು ನೋಡಿ. ಹೊಲಿಗೆ ಹಾಕುವಾಗ ಗಾಯದ ಅಂಚಿಗೆ ಎಳೆತ ಬೀಳಬಾರದು ಅನ್ನೋದು ಥಿಯೇಟರಲ್ಲಿ ಮೊದಲ ದಿನ ಹೇಳಿಕೊಡೋ ಪಾಠ, ಅದೇ ಪಾಠ ಜೀವಕೋಶದ ಒಳಗೆ ಏನಾಗಿ ಕಾಣತ್ತೆ ಅಂತ ಹುಡುಕಿದಾರೆ ಅಷ್ಟೆ.

ಮತ್ತೆ ಕೊಬ್ಬು. ಲೈಪೊಸಕ್ಷನ್, ಅಂದ್ರೆ ಕೊಬ್ಬು ಹೀರಿ ತೆಗೆಯೋ ಆಪರೇಶನ್, ಮಾಡಿದ ದಿನ ಡಬ್ಬದಲ್ಲಿ ಹಳದಿ ಕೊಬ್ಬು ತುಂಬಿರತ್ತೆ, ಮುಂಚೆ ಎಲ್ಲಾ ಅದು ಸೀದಾ ವೇಸ್ಟಿಗೆ. 2001ರಲ್ಲಿ ಕ್ಯಾಲಿಫೋರ್ನಿಯಾ ಮತ್ತೆ ಪಿಟ್ಸ್‌ಬರ್ಗಿನ ಪ್ಲಾಸ್ಟಿಕ್ ಸರ್ಜನ್ನುಗಳೂ ವಿಜ್ಞಾನಿಗಳೂ ಸೇರಿ ಆ ಕೊಬ್ಬಿನೊಳಗೆ ಮೂಳೆ, ಮೃದ್ವಸ್ಥಿ, ಸ್ನಾಯು ಆಗಬಲ್ಲ ಕಾಂಡಕೋಶ, ಅಂದ್ರೆ ಸ್ಟೆಮ್ ಸೆಲ್, ಇದಾವೆ ಅಂತ ತೋರಿಸಿದ್ರು. ಆಮೇಲೆ ವಯಸ್ಸಿನ ರಿಸರ್ಚ್ ಮಾಡೋರಿಗೆ ಅದೊಂದು ದೊಡ್ಡ ಅನುಕೂಲ ಆಯ್ತು, ಇಪ್ಪತ್ತರವರ ಕೊಬ್ಬೂ ಎಪ್ಪತ್ತರವರ ಕೊಬ್ಬೂ ಅಕ್ಕಪಕ್ಕ ಇಟ್ಟು ಕೋಶಗಳು ಹೇಗೆ ಬೇರೆ ಅಂತ ನೋಡಬಹುದು. ಕಣ್ಣಿನ ರೆಪ್ಪೆಯ ಆಪರೇಶನ್ನಲ್ಲಿ ತೆಗೆದ ಚರ್ಮ, ಹೊಟ್ಟೆ ಕರಗಿಸೋ ಆಪರೇಶನ್ನಲ್ಲಿ ತೆಗೆದ ಚರ್ಮ, ಪ್ಲಾಸ್ಟಿಕ್ ಸರ್ಜನ್ ಕೈಗೆ ಬಂದಷ್ಟು ಮನುಷ್ಯರ ಸ್ಯಾಂಪಲ್ಲು ಬೇರೆ ಯಾವ ವಿಜ್ಞಾನಿಗೂ ಇಷ್ಟು ಸಲೀಸಾಗಿ ಸಿಗಲ್ಲ. ಪೇಶೆಂಟ್ ಒಪ್ಪಿ ಸಹಿ ಹಾಕಿರಬೇಕು ಅನ್ನೋದು ಬೇರೆ ಮಾತು, ಅದನ್ನ ಲೇಖನದಲ್ಲಿ ಒಂದು ಸಾಲಾದ್ರೂ ಬರೀಬೇಕಿತ್ತು.

ಸರಿ, ಮುಖದ ವಿಷಯ ಬಿಟ್ಟುಬಿಟ್ರೆ ಮತ್ತೆ ನನ್ನನ್ನೇ ಬೈತೀರಿ. ಮುಖದಲ್ಲೂ ಒಳ್ಳೆ ರಿಸರ್ಚ್ ಆಗಿದೆ. 2007ರಲ್ಲಿ ಡಲ್ಲಾಸಿನ ರಾಡ್ ರೋರಿಚ್ ಮತ್ತೆ ಜೋಯಲ್ ಪೆಸ್ಸಾ ಶವಗಳ ಮುಖಕ್ಕೆ ಬಣ್ಣ ಚುಚ್ಚಿ ನೋಡಿ, ಮುಖದ ಕೊಬ್ಬು ಒಂದೇ ಹಾಸಲ್ಲ, ಬೇರೆ ಬೇರೆ ಖಾನೆಗಳಲ್ಲಿದೆ ಅಂತ ತೋರಿಸಿದ್ರು. ವಯಸ್ಸಾಗ್ತಾ ಎಲ್ಲಾ ಖಾನೆ ಒಂದೇ ಥರ ಕರಗಲ್ಲ. ಅದರ ಜೊತೆ ಮೂಳೆಯೂ ಸವೀತದೆ, ಕಣ್ಣಿನ ಗುಳಿ ಅಗಲ ಆಗತ್ತೆ, ಮೇಲ್ದವಡೆ ಹಿಂದೆ ಸರಿಯತ್ತೆ. ಹತ್ತಿ ಕುಗ್ಗಿದ ದಿಂಬಿಗೆ ಗೌಸು ಎಳೆದು ಕಟ್ಟಿದ್ರೆ ಏನು ಬಂತು ಹೇಳಿ, ಬರೀ ಚರ್ಮ ಎಳೆದ ಹಳೇ ಕಾಲದ ಫೇಸ್‌ಲಿಫ್ಟುಗಳು ಆಗಿದ್ದು ಹಂಗೇ, ಅದಕ್ಕೇ ಈಗ ಒಳಗಿನ ಪದರ ಎತ್ತೋದು, ಕೊಬ್ಬು ತುಂಬೋದು ಅಂತ ಹೋಗ್ತಾರೆ.

ಇನ್ನೊಂದು, ಅವಳಿಗಳ ಸ್ಟಡಿ. ಅಮೆರಿಕದ ಓಹಾಯೋ ರಾಜ್ಯದ ಟ್ವಿನ್ಸ್‌ಬರ್ಗ್ ಅನ್ನೋ ಊರಲ್ಲಿ ವರ್ಷಕ್ಕೊಂದು ಸಲ ಅವಳಿಗಳ ಜಾತ್ರೆ ನಡೆಯತ್ತೆ, ಬಹ್ಮನ್ ಗುಯುರಾನ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಅಲ್ಲಿ ತದ್ರೂಪಿ ಅವಳಿಗಳ ಫೋಟೋ ತೆಗೆದು, ಯಾರು ಜಾಸ್ತಿ ವಯಸ್ಸಾದವರ ಥರ ಕಾಣ್ತಾರೆ ಅಂತ ಬೇರೆಯವರ ಹತ್ರ ಹೇಳಿಸಿದ್ರು, 2009ರಲ್ಲಿ ಪ್ರಕಟ ಆಯ್ತು. ಸಿಗರೇಟು, ಬಿಸಿಲು ಎರಡೂ ವಯಸ್ಸು ಹೆಚ್ಚಿಸ್ತವೆ ಅನ್ನೋದು ನಿರೀಕ್ಷಿತವೇ. ಮಜಾ ಇರೋದು ತೂಕದ ವಿಷಯದಲ್ಲಿ, ನಲವತ್ತರ ಒಳಗೆ ದಪ್ಪ ಇರೋ ಅವಳಿ ವಯಸ್ಸಾದಂಗೆ ಕಾಣ್ತಾರೆ, ನಲವತ್ತು ದಾಟಿದ ಮೇಲೆ ಉಲ್ಟಾ, ಸ್ವಲ್ಪ ಮೈ ಇರೋರೇ ಚಿಕ್ಕವರ ಥರ ಕಾಣ್ತಾರೆ. ಜೀನ್ ಒಂದೇ, ಮುಖ ಬೇರೆ. ಇಂಥ ಕೆಲಸಕ್ಕೆ ಇಲಿನೂ ಬೇಡ ಕೋಟಿಗಟ್ಟಲೆ ದುಡ್ಡೂ ಬೇಡ, ತಲೆ ಇರಬೇಕು. ಆದ್ರೆ ಕಾಣೋ ವಯಸ್ಸೇ ಬೇರೆ, ಒಳಗಿನ ಅಂಗಗಳ ವಯಸ್ಸೇ ಬೇರೆ, ಮುಖದಲ್ಲಿ ಹತ್ತು ವರ್ಷ ಕಮ್ಮಿ ಕಂಡ್ರೆ ಹೃದಯಕ್ಕೂ ಹತ್ತು ವರ್ಷ ಕಮ್ಮಿ ಆಯ್ತು ಅಂತ ಅಲ್ಲ, ನಿಮ್ಮ ಲೇಖನ ಇವೆರಡನ್ನೂ ಒಂದೇ ಗಂಟಲ್ಲಿ ಕಟ್ಟಿದೆ, ಅದು ನನಗೆ ಸರಿ ಕಾಣ್ಲಿಲ್ಲ.

ಈಗ ಬೈದವರ ಮಾತಿಗೂ ಸ್ವಲ್ಪ ನ್ಯಾಯ ಸಲ್ಲಿಸಬೇಕು, ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಸರ್ಜನ್ನುಗಳು ವಯಸ್ಸಿನ ರಿಸರ್ಚಿಗೆ ಕೈ ಹಾಕಿ ದಾರಿ ತಪ್ಪಿಸಿದ ಉದಾಹರಣೆಗಳೂ ದಂಡಿಯಾಗಿವೆ. ಅಲೆಕ್ಸಿಸ್ ಕ್ಯಾರೆಲ್ ರಕ್ತನಾಳ ಹೊಲಿಯೋ ವಿಧಾನಕ್ಕೆ 1912ರಲ್ಲಿ ನೊಬೆಲ್ ತಗೊಂಡ ಮಹಾ ಸರ್ಜನ್, ಅದೇ ವರ್ಷ ಕೋಳಿ ಭ್ರೂಣದ ಹೃದಯದ ಕೋಶಗಳನ್ನ ಗಾಜಿನ ಪಾತ್ರೆಲಿ ಬೆಳೆಸೋಕೆ ಶುರು ಮಾಡಿದ್ರು, ಆ ಕೋಶಗಳಿಗೆ ಸಾವೇ ಇಲ್ಲ ಅಂತ ಜಗತ್ತಿಗೆಲ್ಲಾ ಸಾರಿದ್ರು, ಅವರು ಸತ್ತ ಮೇಲೂ ಎರಡು ವರ್ಷ, ಅಂದ್ರೆ 1946ರ ತನಕ ಆ ಪ್ರಯೋಗ ನಡೀತು. ಬೇರೆಯವರ ಲ್ಯಾಬಲ್ಲಿ ಕೋಶಗಳು ಸತ್ತುಹೋದ್ರೆ ಅವರವರ ಕೈಗುಣ ಸರಿ ಇಲ್ಲ ಅಂತ ತಿಳ್ಕೊಂಡ್ರೇ ಹೊರತು ನೊಬೆಲ್ ತಗೊಂಡೋರನ್ನ ಪ್ರಶ್ನಿಸೋ ಧೈರ್ಯ ಬಹಳ ಜನಕ್ಕೆ ಬರ್ಲಿಲ್ಲ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತೆ ಪಾಲ್ ಮೂರ್‌ಹೆಡ್ ಮನುಷ್ಯರ ಮಾಮೂಲಿ ಕೋಶ ಸುಮಾರು 50 ಸಲ ಒಂದು ಎರಡಾಗಿ ಒಡೆದು ಆಮೇಲೆ ನಿಂತುಬಿಡತ್ತೆ ಅಂತ ತೋರಿಸೋವರೆಗೂ ಆ ನಂಬಿಕೆ ಗಟ್ಟಿಯಾಗೇ ಇತ್ತು. ಕ್ಯಾರೆಲ್ ಹತ್ರ ಕಲಿತ ಸೆರ್ಜ್ ವೊರೊನಾಫ್ ಅಂತೂ ಇನ್ನೂ ಮುಂದೆ ಹೋಗಿ 1920ರ ದಶಕದಲ್ಲಿ ಶ್ರೀಮಂತ ಮುದುಕರಿಗೆ ಕೋತಿಯ ವೃಷಣದ ಹೋಳು ಕಸಿ ಮಾಡಿ ಯೌವನ ಬರತ್ತೆ ಅಂತ ದುಡ್ಡು ಎಣಿಸಿದ, ಪೇಪರಿನೋರು ಮುಖಪುಟದಲ್ಲಿ ಹಾಕಿದ್ದೂ ಹಾಕಿದ್ದೇ. ಬರೋದೇನು, ಒಂದು ಕಾಸಿನ ಪ್ರಯೋಜನ ಬರ್ಲಿಲ್ಲ.

ಇದು ಹಳೇ ಕಾಲದ ಕಥೆ ಅಂತ ನಗಬೇಡಿ. ಚಿಕ್ಕ ಇಲಿ, ಮುದಿ ಇಲಿ ಎರಡರ ಪಕ್ಕೆ ಚರ್ಮ ಸೇರಿಸಿ ಹೊಲಿದು ಇಬ್ಬರ ರಕ್ತಾನೂ ಒಂದಾಗಿ ಹರಿಯೋ ಹಂಗೆ ಮಾಡೋ ಪ್ರಯೋಗ ಇದೆ, ಕೇಳೋಕೆ ಹೊಟ್ಟೆ ತೊಳೆಸಿದ್ರೂ ವಯಸ್ಸಿನ ರಿಸರ್ಚಲ್ಲಿ ಅದು ಬಹಳ ಮುಖ್ಯವಾದ್ದು, 2005ರಲ್ಲಿ ಸ್ಟ್ಯಾನ್‌ಫೋರ್ಡಿನವರು ಹಾಗೆ ಮಾಡಿ ಮುದಿ ಇಲಿಯ ಸ್ನಾಯು ಮತ್ತೆ ಚೆನ್ನಾಗಿ ರಿಪೇರಿ ಆಗೋದನ್ನ ತೋರಿಸಿದ್ರು. ಚಿಕ್ಕ ರಕ್ತದಲ್ಲಿ ಏನೋ ಇದೆಯೋ, ಮುದಿ ರಕ್ತದಲ್ಲಿರೋ ಕೆಟ್ಟದ್ದು ತೆಳು ಆಗಿದ್ದಕ್ಕೆ ಹೀಗಾಯ್ತೋ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಿರುವಾಗಲೇ ಅಮೆರಿಕದಲ್ಲಿ ಚಿಕ್ಕವರ ಪ್ಲಾಸ್ಮಾ, ಅಂದ್ರೆ ರಕ್ತದ ದ್ರವ ಭಾಗ, ವಯಸ್ಸಾದೋರಿಗೆ ಏರಿಸೋಕೆ ಒಂದು ಲೀಟರಿಗೆ 8,000 ಡಾಲರ್ ತಗೊಳ್ಳೋ ಅಂಗಡಿ ತೆರೆದೇಬಿಟ್ರು, 2019ರ ಫೆಬ್ರವರಿಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಸಾಕ್ಷಿ ಇಲ್ಲ, ಅಪಾಯ ಇದೆ ಅಂತ ಎಚ್ಚರಿಕೆ ಕೊಡಬೇಕಾಯ್ತು.

ಪ್ಲಾಸ್ಟಿಕ್ ಸರ್ಜನ್ನಿನ ವಿಷಯದಲ್ಲಿ ಈ ಅಪಾಯ ಒಂದು ಕೈ ಜಾಸ್ತಿನೇ. ಯಾಕಂದ್ರೆ ಬೆಳಿಗ್ಗೆ ಲ್ಯಾಬಲ್ಲಿ ವಯಸ್ಸಾದ ಕೋಶದ ಬಗ್ಗೆ ಬರೆಯೋರು ಮಧ್ಯಾಹ್ನ ಕ್ಲಿನಿಕ್ಕಲ್ಲಿ ಅದೇ ವಯಸ್ಸನ್ನ ಕಮ್ಮಿ ಮಾಡ್ಕೊಡಿ ಅಂತ ಬರೋರನ್ನ ನೋಡ್ತಾರೆ, ಕೈಲಿ ದುಡ್ಡು ಹಿಡ್ಕೊಂಡೇ ಬಂದಿರ್ತಾರೆ. ಇಲಿಯಲ್ಲಿ ಅರ್ಧ ಗೊತ್ತಾಗಿರೋದನ್ನ ಮನುಷ್ಯರಿಗೆ ಪೂರ್ತಿ ಮಾರಿಬಿಡೋ ಆಸೆ ಬೇರೆ ರಿಸರ್ಚರ್‌ಗಳಿಗೆ ಇಷ್ಟು ಹತ್ತಿರದಲ್ಲಿ ಇರಲ್ಲ. ಆ ಆಸೆ ಗೆದ್ದವರನ್ನೂ ನೋಡಿದೀನಿ, ಗೆಲ್ಲದವರನ್ನೂ ನೋಡಿದೀನಿ. ಗೆದ್ದವರು ಹೇಗಿರ್ತಾರೆ ಅಂದ್ರೆ, ಸ್ಟೆಮ್ ಸೆಲ್ ಫೇಶಿಯಲ್ ಮಾಡ್ತೀರಾ ಅಂತ ಕೇಳಿಕೊಂಡು ಬಂದೋರಿಗೆ ಇಲ್ಲಮ್ಮಾ, ಬಿಸಿಲಲ್ಲಿ ಓಡಾಡುವಾಗ ಸನ್‌ಸ್ಕ್ರೀನ್ ಹಚ್ಚಿ, ಸಿಗರೇಟ್ ಸೇದ್ತಿದ್ರೆ ಬಿಡಿ ಅಂತ ಹೇಳಿ ಕಳಿಸ್ತಾರೆ, ಬಂದೋರು ಇಷ್ಟು ಹೇಳೋಕೆ ಫೀಸ್ ಯಾಕೆ ಅಂತ ಗೊಣಗ್ತಾ ಹೋಗ್ತಾರೆ. ಆ ಮಾತಿಗಂತೂ ಗಟ್ಟಿ ಆಧಾರ ಇದೆ, ಆಸ್ಟ್ರೇಲಿಯಾದಲ್ಲಿ ಸುಮಾರು 900 ಜನರ ಮೇಲೆ ನಾಲ್ಕೂವರೆ ವರ್ಷ ಮಾಡಿದ ಟ್ರಯಲ್ಲಲ್ಲಿ ದಿನಾ ಸನ್‌ಸ್ಕ್ರೀನ್ ಹಚ್ಚಿದೋರ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದೋರಿಗಿಂತ ಶೇ 24 ಕಮ್ಮಿ ಇತ್ತು, 2013ರಲ್ಲಿ ಬಂದ ವರದಿ ಅದು. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬರ ಫೋಟೋ ಬಂದಿತ್ತು, ಕಿಟಕಿ ಕಡೆಯ ಅರ್ಧ ಮುಖದಲ್ಲಿ ಸುಕ್ಕು ದಪ್ಪಗೆ ಜೋತುಬಿದ್ದಿತ್ತು, ಇನ್ನರ್ಧದಲ್ಲಿ ಅಷ್ಟಿರಲಿಲ್ಲ, ಕಿಟಕಿ ಗಾಜು ದಾಟಿ ಬರೋ ಬಿಸಿಲಿನ ಯುವಿಎ ಕಿರಣದ ಕೆಲಸ. ನಿಮ್ಮ ಲೇಖನದ ಜೊತೆ ಆ ಥರದ ಫೋಟೋ ಹಾಕಿದ್ರೆ ನೂರು ಮಾತು ಉಳೀತಿತ್ತು.

ಜೋಂಬಿ ಕೋಶಗಳನ್ನ ಕೊಂದುಬಿಟ್ರೆ ಮುಪ್ಪೇ ಇಲ್ಲ ಅನ್ನೋ ಧಾಟಿಯಲ್ಲಿ ಲೇಖನದಲ್ಲಿ ಒಂದು ಪ್ಯಾರಾ ಇತ್ತಲ್ಲ, ಅದಕ್ಕೂ ಒಂದು ಮಾತು. ಒಡೆಯೋದು ನಿಲ್ಲಿಸಿ, ಸಾಯದೇನೂ ಇದ್ದು, ಅಕ್ಕಪಕ್ಕಕ್ಕೆ ಉರಿಯೂತ ಹಬ್ಬಿಸೋ ಕೋಶಗಳು ವಯಸ್ಸಾದಂಗೆ ಜಾಸ್ತಿ ಆಗ್ತವೆ ಅನ್ನೋದು ನಿಜ, 2011ರಲ್ಲಿ ಮೇಯೋ ಕ್ಲಿನಿಕ್ಕಿನವರು ಬೇಗ ಮುಪ್ಪಾಗೋ ತಳಿಯ ಇಲಿಗಳಲ್ಲಿ ಅವನ್ನ ತೆಗೆಸಿದಾಗ ಕೆಲವು ಮುಪ್ಪಿನ ಲಕ್ಷಣ ತಡ ಆಗಿದ್ದೂ ನಿಜ. ಆದ್ರೆ 2014ರಲ್ಲಿ ಜೂಡಿತ್ ಕ್ಯಾಂಪಿಸಿ ಅವರ ತಂಡ ತೋರಿಸಿದ್ದನ್ನ ಯಾರೂ ಬರೆಯಲ್ಲ, ಗಾಯ ಆದಾಗ ಅದೇ ಥರದ ಕೋಶ ಸ್ವಲ್ಪ ದಿನಕ್ಕೆ ಹುಟ್ಕೊಂಡು ಗಾಯ ಮುಚ್ಚೋಕೆ ಸಹಾಯ ಮಾಡತ್ತೆ, ಅವನ್ನ ತೆಗೆದ್ರೆ ಇಲಿಯ ಗಾಯ ತಡವಾಗಿ ಒಣಗತ್ತೆ. ಯೌವನದ ಗುಳಿಗೆ ಅಂತ ನುಂಗಿದವರು ನಾಳೆ ಆಪರೇಶನ್ ಟೇಬಲ್ ಮೇಲೆ ಬಂದ್ರೆ ಹೊಲಿಗೆ ಕೂಡ್ಕೊಳತ್ತಾ? ಈ ಪ್ರಶ್ನೆ ಲ್ಯಾಬಲ್ಲಿ ಮಾತ್ರ ಕೂತಿರೋರಿಗೆ ಬೇಗ ಹೊಳೆಯಲ್ಲ, ಡ್ರೆಸಿಂಗ್ ಬಿಚ್ಚಿ ನೋಡೋರಿಗೆ ಹೊಳೆಯತ್ತೆ, ಆ ಡಾಕ್ಟರ್ ಎರಡೂ ಕಡೆ ಇರೋದರ ಬೆಲೆ ಇದೇ.

ಇಂಥ ವೃತ್ತಿಯ ಖರ್ಚು ಏನು ಅಂತ ನಿಮ್ಮ ಲೇಖನ ಹೇಳ್ಲೇ ಇಲ್ಲ. ಡಾಕ್ಟರ್ ಆಗಿ, ಸರ್ಜನ್ ಆಗಿ, ಪ್ಲಾಸ್ಟಿಕ್ ಸರ್ಜರಿ ಕಲಿತು ಹೊರಗೆ ಬರೋ ಹೊತ್ತಿಗೆ ಹತ್ತು ವರ್ಷದ ಮೇಲಾಗಿರತ್ತೆ, ಅದರ ಮೇಲೆ ಲ್ಯಾಬ್ ಕಲಿಯೋಕೆ ಇನ್ನೊಂದಷ್ಟು. ಕೈಕೆಲಸ ನಿಲ್ಲಿಸಿದ್ರೆ ಕೈ ಬಿಗಿ ಆಗತ್ತೆ, ಲ್ಯಾಬ್ ನಿಲ್ಲಿಸಿದ್ರೆ ಗ್ರ್ಯಾಂಟ್ ಹೋಗತ್ತೆ. ಎಮರ್ಜೆನ್ಸಿ ಕೇಸ್ ಬಂತು ಅಂದ್ರೆ ಅವತ್ತಿನ ಪ್ರಯೋಗ ಹಾಳು, ಕೋಶಗಳು ಇವರು ಬರ್ತಾರೆ ಅಂತ ಕಾಯ್ಕೊಂಡು ಕೂರಲ್ಲ. ಜಪಾನಿನ ಶಿನ್ಯಾ ಯಮನಾಕ ಮೂಳೆ ಸರ್ಜರಿ ಟ್ರೈನಿಂಗಿಗೆ ಹೋಗಿದ್ದವರು, ಆಪರೇಶನ್ನಲ್ಲಿ ನಿಧಾನ ಅಂತ ಸೀನಿಯರ್‌ಗಳಿಂದ ಗೇಲಿ ಮಾಡಿಸ್ಕೊಂಡು ಕೊನೆಗೆ ಸರ್ಜರಿನೇ ಬಿಟ್ಟು ಲ್ಯಾಬಿಗೆ ಹೋದ್ರು, 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನ ಭ್ರೂಣದ ಸ್ಥಿತಿಗೆ ವಾಪಸ್ ಕಳಿಸಿದ್ರು, 2012ರಲ್ಲಿ ನೊಬೆಲ್ ಬಂತು. ವಯಸ್ಸಾದ ಕೋಶದ ಗಡಿಯಾರ ಹಿಂದಕ್ಕೆ ತಿರುಗಿಸಬಹುದಾ ಅನ್ನೋ ಈಗಿನ ಓಟ ಎಲ್ಲಾ ಅಲ್ಲಿಂದ ಶುರುವಾಗಿದ್ದು. ಅವರು ಒಂದನ್ನ ಬಿಟ್ಟರು, ಸರಿಯಾಗೇ ಬಿಟ್ಟರು. ಎರಡನ್ನೂ ಹಿಡ್ಕೊಂಡೋರು ಮರ್ರೆ ಥರದೋರು, ಕಮ್ಮಿ ಜನ.

ಮುಂದಿನ ಸಲ ಇಂಥವರನ್ನ ಮಾತಾಡಿಸುವಾಗ ನಿಮ್ಮ ವರದಿಗಾರರು ನೀವು ಚಿಕ್ಕವರಾಗಿ ಕಾಣೋ ಗುಟ್ಟೇನು ಅಂತ ಕೇಳೋದು ಬಿಟ್ಟು, ನಿಮ್ಮ ರಿಸರ್ಚ್ ನಡೆದದ್ದು ಇಲಿ ಮೇಲೋ ಮನುಷ್ಯರ ಮೇಲೋ, ದುಡ್ಡು ಕೊಟ್ಟಿದ್ದು ಯಾರು, ಕ್ಲಿನಿಕ್ಕಲ್ಲಿ ಮಾರೋ ಯಾವುದಾದ್ರೂ ಕ್ರೀಮಲ್ಲೋ ಇಂಜೆಕ್ಷನ್ನಲ್ಲೋ ನಿಮಗೆ ಪಾಲಿದೆಯಾ, ನಿಮ್ಮ ಫಲಿತಾಂಶ ಬೇರೆ ಲ್ಯಾಬಲ್ಲೂ ಬಂತಾ ಅಂತ ಕೇಳ್ಲಿ. ಕ್ಯಾರೆಲ್‌ಗೆ ಆ ಕೊನೇ ಪ್ರಶ್ನೆನ ಗಟ್ಟಿಯಾಗಿ ಕೇಳಿದ್ದಿದ್ರೆ ಅರ್ಧ ಶತಮಾನ ಉಳೀತಿತ್ತು. ಒಳ್ಳೆ ಸರ್ಜನ್ ಇವಕ್ಕೆ ಬೇಜಾರು ಮಾಡ್ಕೊಳಲ್ಲ, ಮಾಡ್ಕೊಂಡ್ರೆ ಅದನ್ನೂ ಬರೀರಿ.

ಕೊನೆಗೆ, ಪತ್ರ ಬರೆದ ಒಬ್ಬ ತಾಯಿ ಮಗಳು ಮೆಡಿಕಲ್ ಓದ್ತಿದಾಳೆ, ಆ ಡಾಕ್ಟರ್ ಥರ ಆಗ್ಬೇಕಂತೆ, ಕಳಿಸ್ಬೋದಾ ಅಂತ ಕೇಳಿದ್ರು, ಯಾರೂ ಉತ್ತರ ಕೊಟ್ಟಿಲ್ಲ. ಕಳಿಸಿ ಅಮ್ಮಾ. ಮೊದಲು ಬರ್ನ್ಸ್ ವಾರ್ಡಲ್ಲಿ ಡ್ರೆಸಿಂಗ್ ಬದಲಾಯಿಸೋ ಹೊತ್ತಿಗೆ ನಿಂತು ನೋಡ್ಲಿ, ವಾಸನೆಗೂ ಕೂಗಾಟಕ್ಕೂ ಹೆದರ್ಲಿಲ್ಲ ಅಂದ್ರೆ ಸರ್ಜರಿಗೆ ಹೋಗ್ಲಿ. ಕೆಲಸಕ್ಕೆ ಸೇರುವಾಗ ವಾರದಲ್ಲಿ ಎಷ್ಟು ದಿನ ಲ್ಯಾಬಿಗೆ ಅಂತ ಬಿಡ್ತೀರಿ, ಆ ದಿನ ಥಿಯೇಟರಿಂದ ಕರೆ ಬಂದ್ರೆ ಯಾರು ಹೋಗ್ತಾರೆ, ಆ ದಿನದ ಸಂಬಳ ಯಾರು ಕೊಡ್ತಾರೆ ಅಂತ ಕೇಳಿ ಬರವಣಿಗೆಯಲ್ಲಿ ತಗೊಳ್ಲಿ. ಬಾಯಿ ಮಾತಲ್ಲಿ ಕೊಟ್ಟ ಲ್ಯಾಬ್ ದಿನಗಳು ಮೊದಲ ತಿಂಗಳಲ್ಲೇ ಆಪರೇಶನ್ ಲಿಸ್ಟಿನೊಳಗೆ ಸೇರಿಹೋಗ್ತವೆ.

ಇಂತಿ,
ಒಬ್ಬ ನಿವೃತ್ತ ಥಿಯೇಟರ್ ನರ್ಸ್